ಪೆನ್ಷನ್ ಮೊಹಲ್ಲಾದಲ್ಲಿ ಬಸ್ತಿಯಪ್ಪ

ತಲೆ ತಗ್ಗಿಸಿಯೇ ಒಳಗೆ ಬಂದ.
ಆದರೂ ತಗುಲಿತು.
ಹಣೆ ಉಜ್ಜಿಕೊಳ್ಳಲಿಲ್ಲ, ಬಾಗಿಲನ್ನು ತಡವಿದ,
ನೋವಾಗಿದ್ದು ಅದಕ್ಕೇ ಎಂಬಂತೆ.

ಹಾಸನದ ಪೆನ್ಷನ್ ಮೊಹಲ್ಲಾದಲ್ಲಿ
ನನ್ನದು ಮೂಳೆ ಕಟ್ಟುವ ಅಂಗಡಿ.
ಬಿದಿರ ದಬ್ಬೆ, ಉದ್ದಿನ ಹಿಟ್ಟು, ಮೊಟ್ಟೆಯ ಬಿಳಿ ಲೋಳೆ,
ಹಳೆ ಪಂಚೆ ಹರಿದ ಪಟ್ಟಿ.
ಬೋರ್ಡಿನಲ್ಲಿ ಖುದ್ದೂಸ್ ಸಾಬ್ ಅಂತಿದೆ.
ಅಬ್ಬಾ ತೀರಿಕೊಂಡು ಹತ್ತೊಂಬತ್ತು ವರ್ಷ.
ನಾನು ಮುನೀರ್. ಬಣ್ಣ ಬಳಿಸಲು ಪುರುಸೊತ್ತಾಗಿಲ್ಲ.

ಬಾಸ್ತಿಯಾಂ ಅಂತ ಅವನ ಹೆಸರು.
ಕ್ರೀಡಾ ಹಾಸ್ಟೆಲಿನ ಹುಡುಗಿಯರು
ಅದನ್ನು ಬಸ್ತಿಯಪ್ಪ ಮಾಡಿದ್ದರು.
ಫ್ರಾನ್ಸಿನವನು. ರಗ್ಬಿ ಹೇಳಿಕೊಡಲು
ಆರು ತಿಂಗಳಿಗೆ ಬಂದವನು.
ಅವನು ಫ್ರೆಂಚನ್ನು ಇಂಗ್ಲಿಷ್ ಮಾಡಿ ಕೊಟ್ಟ,
ಪಿ.ಟಿ. ಮೇಡಂ ಜಯಶೀಲಾ ಇಂಗ್ಲಿಷನ್ನು ಕನ್ನಡ ಮಾಡಿದರು.
ಅಷ್ಟು ಕೈ ದಾಟಿ ಬರುವುದರೊಳಗೆ
ನನ್ನ ಬೆರಳಿಗೆ ಅರ್ಧ ತಿಳಿದಿತ್ತು.

ಎಡ ಕೊರಳೆಲುಬು, ಹತ್ತೊಂಬತ್ತನೇ ವಯಸ್ಸು.
ಮೊದಲ ಸಂಬಳ, ಅಮ್ಮನಿಗೆ ಬಟ್ಟೆ ಒಗೆಯುವ ಮೆಷಿನ್ನು.
ಬಾತುಕೋಳಿ ಸಾಕುವಲ್ಲಿ ಕೂಲಿಯವಳು,
ಅಲ್ಲಿಯವರೆಗೂ ಇವನ ಕೆಸರು ಜರ್ಸಿ
ಕೈಯಲ್ಲೇ ಕುಕ್ಕಿ ಒಗೆದವಳು.

ಕಿವಿಗಳು ಎಣ್ಣೆಯಲ್ಲಿ ಮುದುರಿದ ಹಪ್ಪಳ.
ಹದಿನಾರು ಜನ ತಲೆಗೆ ತಲೆ ಕೊಟ್ಟು ನೂಕುತ್ತಾರಂತೆ,
ಹದಿನೈದು ವರ್ಷ ಅಲ್ಲೇ ಉಜ್ಜಿ ಹೋಯಿತಂತೆ.
ಪಕ್ಕೆಯಲ್ಲಿ ಮೂರು ಗಂಟು. ಮೂರು ಕ್ಲಬ್ಬು, ಅಂದ.
ಒಂದು ದಿವಾಳಿಯೆದ್ದಿತು,
ಒಂದು ಕೆಳದರ್ಜೆಗೆ ಜಾರಿತು,
ಮೂರನೆಯದು ಪತ್ರ ಬರೆದು ವಂದನೆ ಹೇಳಿತು.
ಮೊಣಕಾಲು, ನಾನು ಮುಟ್ಟುವ ಮೊದಲೇ ಕಟಕಟ.
ದೇಶದ ತಂಡಕ್ಕೆ ಒಂದೇ ಸಲ ಕರೆದರು.
ಎಂಬತ್ತು ನಿಮಿಷ ಬೆಂಚಿನ ಮೇಲೆ ಕೂತ.
ಆ ಅಂಗಿ ಮಡಿಸಿಟ್ಟಿದ್ದಾನಂತೆ, ಒಗೆದಿಲ್ಲ.
ಒಗೆಯುವಂಥದ್ದೇನೂ ಆಗಲಿಲ್ಲ ಅದಕ್ಕೆ.

ಈಗೇನು ಕೆಲಸ, ಎಂದೆ.
ರಿಟೈರ್. ವಯಸ್ಸು ಮೂವತ್ನಾಲ್ಕು.
ಮಣಿಕಟ್ಟು ತೋರಿಸಲು ಕಾದಿದ್ದ ಕೆಇಬಿ ನಂಜುಂಡಯ್ಯನವರು
ಪೇಪರು ಕೆಳಗಿಟ್ಟು ನೋಡಿದರು,
ತಮ್ಮ ಸೀಟಿಗೆ ಯಾರೋ ಟವಲ್ಲು ಹಾಕಿದ ಹಾಗೆ.
ನಮ್ಮ ಬೀದಿಯಲ್ಲಿ ರಿಟೈರಾಗಲು ತಲೆ ನರೆತಿರಬೇಕು.

ಕಿರುಬೆರಳು ಮಾತ್ರ ಲೆಕ್ಕಕ್ಕೆ ಬರಲಿಲ್ಲ.
ಬುಡದಲ್ಲಿ ಸೊಟ್ಟ ಕೂಡಿಕೊಂಡಿತ್ತು.
ಇದು ಯಾವ ಆಟ, ಎಂದೆ. ಮೇಡಂ ಕೇಳಿದರು.
ಅವನು ಇಂಗ್ಲಿಷೂ ಆಡಲಿಲ್ಲ.
ಮುಷ್ಟಿ ಕಟ್ಟಿ ನನ್ನ ಗೋಡೆಗೆ
ಮೆಲ್ಲಗೆ ಒಮ್ಮೆ ತಾಗಿಸಿದ.
ಪತ್ರ ಬಂದ ದಿನವಿರಬೇಕು. ಕೇಳಲಿಲ್ಲ.
ಮತ್ತೆ ಮುರಿದು ನೆಟ್ಟಗೆ ಕೂಡಿಸಲೇ, ಅಂದೆ.
ಇರಲಿ, ಅಂದ. ಕನ್ನಡದಲ್ಲೇ.
ಹಾಸ್ಟೆಲಿನ ಊಟದ ಸಾಲಿನಲ್ಲಿ ಕಲಿತ ಮಾತು.

ಒಂದು ಸಂಜೆ ಸ್ಟೇಡಿಯಂ ಕಡೆ ಹೋಗಿದ್ದೆ.
ಚೆಂಡು ಮೊಟ್ಟೆಯ ಹಾಗಿತ್ತು, ನನಗೆ ನಗು;
ದಿನಕ್ಕೆ ಹನ್ನೆರಡು ಒಡೆಯುವ ಕೈ ಇದು.
ನೆಲಕ್ಕೆ ಬಿದ್ದರೆ ಯಾವ ಕಡೆ ಪುಟಿಯುತ್ತದೋ
ಅದಕ್ಕೇ ಗೊತ್ತಿಲ್ಲ.
ಓಡುವುದು ಮುಂದಕ್ಕೆ, ಕೊಡುವುದು ಮಾತ್ರ ಹಿಂದಕ್ಕೆ.
ಮುಂದೆ ಎಸೆದರೆ ಸೀಟಿ.
ಹಿಂದೆ ಯಾರಿದ್ದಾರೆ ಅಂತ ನೋಡದೆ
ಹೆಂಗೆ ಕೊಡ್ತಾರೆ ಮೇಡಂ?
ಕೂಗ್ತಾರೆ ಸಾಬ್ರೇ, ಹಿಂದಿನವರು ಕೂಗ್ತಾರೆ.
ಮೈದಾನದ ತುಂಬ
ಬಸ್ತಿಯಪ್ಪಾ, ಬಸ್ತಿಯಪ್ಪಾ.
ಅವನು ತಿರುಗದೆ ಕೊಟ್ಟ.

ಅವನು ಹೋದ ಮೇಲೆ, ಆಷಾಢದಲ್ಲಿ,
ಅರಕಲಗೂಡಿನ ಬಿಂದುಶ್ರೀಯನ್ನು
ಆಟೋದಲ್ಲಿ ತಂದರು.
ಎಡ ಕೊರಳೆಲುಬು. ಅದೇ ಜಾಗ.
ಅಳಲಿಲ್ಲ. ಎಷ್ಟು ದಿನ, ಅಂದಳು.
ನಲವತ್ತು.
ಮೂವತ್ತು ಮಾಡಿ, ಅಂದಳು,
ಸೊಪ್ಪಿನ ಕಟ್ಟಿಗೆ ಚೌಕಾಸಿ ಮಾಡುವ ಹಾಗೆ.
ಮೊಟ್ಟೆ ಒಡೆದೆ.